ದುಡ್ಡು ಕೊಟ್ಟು ಸಾಯೂದ್ಯಾಕ್ರಿ?

ನಮ್ಮ ಬಾಗಲಕೋಟೆ ಕಡೆ ಹಳ್ಳಿ ನಾಟಕದಲ್ಲಿ ಪಾತ್ರ ಬೇಕಂದ್ರೆ ಪಟ್ಟಿ, ಅಂದ್ರೆ ವಂತಿಗೆ, ಕೊಡಬೇಕು. ಸೀನರಿ, ಮೈಕು, ಹಾರ್ಮೋನಿಯಂ ಬಾರಿಸುವ ಪೇಟಿ ಮಾಸ್ತರು, ಹೊರಗಿನಿಂದ ಬರುವ ನಟಿಯರು, ಎಲ್ಲದರ ಖರ್ಚೂ ಆ ದುಡ್ಡಿನಲ್ಲೇ ಹೊರಡಬೇಕು. ದೊಡ್ಡ ಪಾತ್ರಕ್ಕೆ ದೊಡ್ಡ ಪಟ್ಟಿ. ನಾಟಕ ಬರೆದವನಿಗೆ ಪಟ್ಟಿ ಇಲ್ಲ. ಹಾಗಾಗಿ ಅವನ ಮಾತಿಗೆ ಬೆಲೆಯೂ ಇಲ್ಲ.

ಈ ಸಲ ಜಾತ್ರೆಗೆ ನಾನು ಬರೆದದ್ದು ಹೊಲದ ಜಗಳದ ಕಥೆ. ಕೊನೆಗೆ ಖಳನಾಯಕ ಸಾವ್ಕಾರ ಗುಂಡೇಟಿಗೆ ಸಾಯಬೇಕು. ತಾಲೀಮು ಶುರುವಾದ ವಾರದಲ್ಲೇ ಆ ಪಾತ್ರದವನು ಪುಸ್ತಕ ಮುಚ್ಚಿಟ್ಟ.

“ಹೀರೋಗಿಂತ ನಂದ ಪಟ್ಟಿ ಜಾಸ್ತಿ ಐತ್ರಿ ಸರ. ದುಡ್ಡು ಕೊಟ್ಟು ಸಾಯೂದ್ಯಾಕ್ರಿ?”

“ಮಾಡಿದ ಪಾಪಕ್ಕ ಸಾಯ್ಬೇಕಪಾ.”

“ಬೀಗರು ಬರಾಕತ್ತಾರ್ರಿ. ಅವರ ಮುಂದ ಹೆಂಗ್ ಸಾಯ್ಲಿ?”

ಕಮಿಟಿಯವರು ಕೂತು ಮಾತಾಡಿದರು. ಗುಂಡು ತೋಳಿಗೆ ತಾಗಲಿ, ಪೊಲೀಸ್ ಬೇಡಿ ಹಾಕಿ ಒಯ್ಯಲಿ ಎಂದು ತೀರ್ಮಾನವಾಯಿತು.

ಇನ್ನು ಹಾಸ್ಯದ ಪಾತ್ರದವನು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ ಶುರುವಾದರೆ ವಾರಗಟ್ಟಲೆ ನಾಟಕ ಕಂಪನಿಗಳು ಅಲ್ಲೇ ಇರುತ್ತವೆ ಅಲ್ವಾ? ಇವನು ಬೆಳಗಿನತನಕ ಅಲ್ಲಿ ಕೂತು ನೋಡುವ ಗಿರಾಕಿ. ಅಲ್ಲಿ ಜನ ನಕ್ಕ ಮಾತುಗಳೆಲ್ಲ ನನ್ನ ನಾಟಕಕ್ಕೆ ಬಂದು ಸೇರಿದವು. ತಾಯಿಯ ಹೆಣದ ಮುಂದೆ ಕೂತು ಮೊಬೈಲ್ ರೀಚಾರ್ಜಿನ ಜೋಕು ಹೊಡೆದ. ಜನ ಶಿಳ್ಳೆ ಹಾಕಿದರು. ಹೆಣದ ಹೊಟ್ಟೆಯೂ ಕುಣಿಯುತ್ತಿತ್ತು.

ಉದ್ಘಾಟನೆ, ಶಾಲು, ಹಾರ, ಭಾಷಣ ಮುಗಿದು ಪರದೆ ಎದ್ದಾಗಲೇ ರಾತ್ರಿ ಹನ್ನೊಂದೂವರೆ. ಅದರ ಮೇಲೆ ನಡುನಡುವೆ ಆಯಾರ. ಬೀಗರು, ಗೆಳೆಯರು ಸ್ಟೇಜ್ ಹತ್ತಿ ನಟರಿಗೆ ಬಟ್ಟೆ ಕೊಟ್ಟು ಹಾರ ಹಾಕುತ್ತಾರೆ. ಅಲ್ಲಿಯತನಕ ನಾಟಕ ನಿಂತಿರಬೇಕು. ಈ ಪದ್ಧತಿ ತೆಗೆಯಿರಿ ಅಂದರೆ ಮುಂದಿನ ವರ್ಷ ನನ್ನನ್ನೇ ತೆಗೆಯುತ್ತಾರೆ, ಅದಕ್ಕೆ ಸುಮ್ನೆ ಇದ್ದೇನೆ.

ಕೊನೆಯ ಸೀನು. ಸಾವ್ಕಾರನ ತೋಳಿಗೆ ಗುಂಡು ತಾಗಿತು. ಅವನು “ಅಯ್ಯೋ” ಅನ್ನುವಷ್ಟರಲ್ಲಿ ಮೈಕಿನಲ್ಲಿ ಆಯಾರ ಕೂಗಿದರು. ಬೀಗರು ಬಂದರು. ಪೇಟ ಸುತ್ತಿದರು, ಹಾರ ಹಾಕಿದರು. ಗುಂಡು ತಾಗಿದ ಕೈಯನ್ನೇ ಎತ್ತಿ ಅವನು ಜನಕ್ಕೆ ನಮಸ್ಕಾರ ಮಾಡಿದ. ಪೇಟಿ ಮಾಸ್ತರು ಹುರುಪಿನಿಂದ ಒಂದು ಮದುವೆ ಹಾಡು ಬಾರಿಸಿದರು.

ಪೊಲೀಸ್ ಪಾತ್ರದವನು ಬೇಡಿ ಹಿಡಿದು ನಿಂತೇ ಇದ್ದ. ನಾನು ಪರದೆಯ ಮರೆಯಿಂದ ಪಿಸುಗುಟ್ಟಿದೆ, “ಬೇಡಿ ಹಾಕಪಾ!”

ಅವನು ಮೈಕಿನ ಮುಂದೆಯೇ ನನ್ನ ಕಡೆ ತಿರುಗಿದ.

“ತಡೀರಿ ಸರ, ಬೀಗರು ಇನ್ನೂ ಫೋಟೋ ತಗಸಾಕತ್ತಾರ.”