ಸ್ಕೇಲು ನೇರ, ಬಟ್ಟೆ ಮಾತ್ರ ಓರೆ

ಕ್ವಿಲ್ಟ್, ಅಂದರೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ, ಮಾಡುವುದರಲ್ಲಿ ಹೊಲಿಗೆಯೇ ಕಷ್ಟ ಅಂತ ಜನ ತಿಳಿದಿದ್ದಾರೆ. ಸುಳ್ಳು. ಹೊಲಿಗೆಯನ್ನು ಮಷಿನ್ ನೋಡಿಕೊಳ್ಳುತ್ತದೆ. ಮನೆಯ ಶಾಂತಿ ಕದಡುವುದು ಅದಕ್ಕೂ ಮುಂಚೆ, ಬಟ್ಟೆಯನ್ನು ಒಂದೇ ಅಳತೆಯ ಚೌಕಗಳಾಗಿ ಕತ್ತರಿಸುವಾಗ. ಕಾಗದವಾದರೆ ಇಟ್ಟ ಕಡೆ ಇರುತ್ತದೆ. ಬಟ್ಟೆ ಗೆರೆ ಎಳೆಯುವಾಗ ಸೀಮೆಸುಣ್ಣದ ಜೊತೆ ಸ್ವಲ್ಪ ಹೋಗಿ, ಕತ್ತರಿ ಬಂದಾಗ ಇನ್ನೊಂದು ಕಡೆ ಜರುಗಿ, ಎಲ್ಲ ಮುಗಿದ ಮೇಲೆ ತನಗೇನೂ ಗೊತ್ತೇ ಇಲ್ಲ ಎನ್ನುವ ಹಾಗೆ ಮಲಗಿರುತ್ತದೆ.

ಕತ್ತರಿಯದ್ದು ಬೇರೆಯೇ ತಾಪತ್ರಯ. ಬಟ್ಟೆಗೆಂದೇ ಒಂದು ಒಳ್ಳೆ ಕತ್ತರಿ ತಂದಿಟ್ಟರೆ ಹಾಲಿನ ಪ್ಯಾಕೆಟ್ಟು, ಕೊರಿಯರ್ ಡಬ್ಬ, ಮಗನ ಸ್ಕೂಲ್ ಪ್ರಾಜೆಕ್ಟಿನ ಥರ್ಮಾಕೋಲು, ಎಲ್ಲಕ್ಕೂ ಅದೇ ಬೇಕು. ಬೇರೆ ಕತ್ತರಿಗಳು ಅಡುಗೆಮನೆಯಲ್ಲಿ ಕಣ್ಣೆದುರೇ ನೇತಾಡುತ್ತಿರುತ್ತವೆ. 'ಬಟ್ಟೆಗೆ ಮಾತ್ರ' ಎಂದು ಚೀಟಿ ಬರೆದು ಅಂಟಿಸಲು ಹೊರಟೆ. ಅಂಟಿಸುವ ಟೇಪನ್ನು ನಮ್ಮವರು ಅದೇ ಕತ್ತರಿಯಿಂದ ಕತ್ತರಿಸಿ ಕೊಟ್ಟರು.

ಹೀಗಾಗಿ ಮನೆಗೆ ರೋಟರಿ ಕಟರ್ ಬಂತು. ನೋಡಲು ಕರ್ಜಿಕಾಯಿ ಅಂಚು ಕತ್ತರಿಸುವ ಚಕ್ರದ ಅಣ್ಣನ ಹಾಗಿದೆ. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಮೊದಲು ಮಾರಾಟಕ್ಕೆ ತಂದದ್ದು. ಅದಕ್ಕೂ ಮುಂಚೆ ಕ್ವಿಲ್ಟ್ ಮಾಡುವವರು ರಟ್ಟಿನ ಅಚ್ಚು ಇಟ್ಟು, ಒಂದೊಂದೇ ತುಂಡಿಗೆ ಪೆನ್ಸಿಲ್ ಗುರುತು ಹಾಕಿ ಕತ್ತರಿಸುತ್ತಿದ್ದರು, ಅವರ ತಾಳ್ಮೆಗೊಂದು ನಮಸ್ಕಾರ. ನನ್ನದು 45 ಮಿಲಿಮೀಟರ್ ಬ್ಲೇಡು. ಗುಂಡುಪಿನ್ನಿನ ಮೇಲೆ ಒಮ್ಮೆ ಹಾದರೆ ಸಾಕು, ಬ್ಲೇಡಿನ ಬಾಯಿ ಮುರಿದ ಹಾಗೆ. ಆಮೇಲೆ ಚಕ್ರ ಒಂದು ಸುತ್ತು ಬಂದಾಗಲೆಲ್ಲ, ಅಂದರೆ ಸುಮಾರು 14 ಸೆಂಟಿಮೀಟರಿಗೊಮ್ಮೆ, ನಾಲ್ಕು ಎಳೆ ಕತ್ತರಿಸದೆ ಉಳಿಯುತ್ತವೆ. ಈ 14 ಎಲ್ಲಿಂದ ಬಂತೆಂದು ನಮ್ಮವರು ಪೈ ಹಾಕಿ ಗುಣಿಸಿ ತೋರಿಸಿದರು. ಹೊಸ ಬ್ಲೇಡು ತರಲು ಮಾತ್ರ ಏಳಲಿಲ್ಲ.

ಲೆಕ್ಕ ಅಲ್ಲಿಗೇ ಮುಗಿಯಲಿಲ್ಲ. 4 ಇಂಚಿನ ಚೌಕ ಕಾಣಬೇಕಾದರೆ ನಾಲ್ಕೂವರೆ ಇಂಚಿಗೆ ಕತ್ತರಿಸಬೇಕು, ಸುತ್ತ ಕಾಲು ಕಾಲು ಇಂಚು ಹೊಲಿಗೆಗೆ ಹೋಗುತ್ತದೆ. ಅಯ್ಯೋ, ಒಂದೊಂದು ಚೌಕಕ್ಕೆ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಆದರೆ ಏನು ಮಹಾ ಅಂದುಕೊಂಡರೆ, 12 ಚೌಕದ ಸಾಲು ಪಕ್ಕದ ಸಾಲಿಗಿಂತ ಒಂದೂವರೆ ಇಂಚು ಉದ್ದವಾಗಿ ಹೊರಗೆ ಇಣುಕುತ್ತದೆ. ಬಟ್ಟೆ ಮಡಚಿ ಉದ್ದ ಪಟ್ಟಿ ಕತ್ತರಿಸುವುದಂತೂ ಬೇಡ ಬಿಡಿ. ಮಡಿಕೆಗೆ ಸ್ಕೇಲು ಸರಿಯಾಗಿ 90 ಡಿಗ್ರಿ ಕೂರದಿದ್ದರೆ, ಬಿಡಿಸಿದಾಗ ಪಟ್ಟಿ ನಡುಮಧ್ಯೆ ಸೊಂಟ ಬಳುಕಿಸಿಕೊಂಡು ನಿಂತಿರುತ್ತದೆ.

ಇದನ್ನೆಲ್ಲ ಧಾರವಾಡದಿಂದ ಬಂದಿದ್ದ ಅತ್ತೆ ಕಾಫಿ ಕುಡಿಯುತ್ತಾ ನೋಡುತ್ತಿದ್ದರು. ಹಳೇ ಸೀರೆಗಳಿಂದ ಎಷ್ಟೋ ಕೌದಿ ಹೊಲಿದ ಕೈ ಅದು.

"ಏನವಾ, ಅರಿವಿ ಕತ್ತರಸಾಕ ಇಷ್ಟ್ಯಾಕ ಲೆಕ್ಕ? ಅಂಚಿಗೆ ಚೂರು ಕತ್ತರಿ ಹಚ್ಚು. ಹರಿ."

ಹರಿದರೆ ನಿಜವಾಗಿಯೂ ನೇರ ಬರುತ್ತದೆ. ನೇಯ್ದ ಕಾಟನ್ ತನ್ನ ಎಳೆಯ ಗುಂಟವೇ ಹರಿಯುತ್ತದೆ. ಹಾಸಿನ ಎಳೆ, ಹೊಕ್ಕಿನ ಎಳೆ, ಎರಡರಲ್ಲಿ ಯಾವುದನ್ನು ಹಿಡಿದರೂ ಸರಿ, ಓರೆಯಾಗಿ ಮಾತ್ರ ಹರಿಯುವುದಿಲ್ಲ, ಆ ದಿಕ್ಕಿಗೆ ಎಳೆಯೇ ಇಲ್ಲವಲ್ಲ. ಓರೆಯಾಗಿ ಕತ್ತರಿಸಿದ ತುಂಡು ಎಳೆದಷ್ಟೂ ಹಿಗ್ಗುವುದಕ್ಕೆ, ಇಸ್ತ್ರಿ ಹಾಕುವಾಗಲೇ ಚೌಕ ಹೋಗಿ ಗಾಳಿಪಟದ ಆಕಾರ ಬರುವುದಕ್ಕೆ ಇದೇ ಕಾರಣ. ಅತ್ತೆಯವರ ಮಾತು ಕೇಳಿ ನನ್ನ ಹೊಸ ಚೌಕಳಿ ಬಟ್ಟೆಯನ್ನು ಪರ್ ಅಂತ ಹರಿದೆ.

ಎಳೆಯ ಪ್ರಕಾರ ಪಟ್ಟಿ ನೇರ. ಚೌಕಳಿಯ ಪ್ರಕಾರ ಸೊಟ್ಟ. ಒಂದು ತುದಿಯಲ್ಲಿ ಪೂರ್ತಿ ಇರುವ ಚೌಕ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಅರ್ಧ ಆಗಿತ್ತು. ಅತ್ತೆ ಬಟ್ಟೆಯ ಹಿಂಭಾಗ ತಿರುಗಿಸಿ ನೋಡಿದರು. "ಇದು ನೇಯ್ದ ಚೌಕಳಿ ಅಲ್ಲ, ಬರೇ ಮ್ಯಾಲೆ ಬಣ್ಣ ಒತ್ಯಾರ." ಅಚ್ಚು ಹಾಕುವಾಗ ಬಟ್ಟೆ ಕೊಂಚ ಎಳೆದುಕೊಂಡಿದ್ದರೆ ಆಯಿತು, ಚಿತ್ರಕ್ಕೂ ಎಳೆಗೂ ಜನ್ಮದಲ್ಲಿ ಹೊಂದುವುದಿಲ್ಲ. ಯಾವುದನ್ನು ನಂಬಬೇಕು? ತೊಳೆದ ಮೇಲೂ ಬಾಳಬೇಕಾದರೆ ಎಳೆಯನ್ನು, ನೆಂಟರಿಗೆ ತೋರಿಸಬೇಕಾದರೆ ಚಿತ್ರವನ್ನು.

ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಂಗಸರಿಗೆ ಈ ರಗಳೆಯೇ ಇಲ್ಲ. ಅವರು ಕೌದಿಯನ್ನು ಹೊರಗಿನ ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಒಳಗೆ ಬರುತ್ತಾರೆ, ಜಾಗ ಎಷ್ಟಿದೆಯೋ ಅಷ್ಟಕ್ಕೆ ತುಂಡು ಮಡಚಿ ಕೂರಿಸುತ್ತಾರೆ. ನಾನೂ ಹಾಗೇ ಮಾಡಬಹುದಿತ್ತು. ಆದರೆ ಸ್ಕೇಲಿಗೆ, ಕತ್ತರಿಸುವಾಗ ಕೆಳಗೆ ಹಾಸುವ ಮ್ಯಾಟಿಗೆ ಅಷ್ಟೊಂದು ದುಡ್ಡು ಹಾಕಿದ್ದೇನಲ್ಲ! ಆ ಮ್ಯಾಟೋ ಸೆಂಟಿಮೀಟರಿನದ್ದು, ಸ್ಕೇಲು ಇಂಚಿನದ್ದು, ಅದು ಇನ್ನೊಂದು ಪುರಾಣ.

ಅತ್ತೆ ಊರಿಗೆ ಹೋದ ಮೇಲೆ ಕಟರ್ ಸಿಗಲಿಲ್ಲ. ಇಡೀ ಮನೆ ಹುಡುಕಿದ್ದಾಯಿತು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಹೊಸ ಬ್ಲೇಡ್ ಹಾಕಿಸಿ, ಚೆನ್ನಾಗಿ ತೊಳೆದು, ಶಂಕರಪೋಳಿ ಮಾಡಿದ್ದಾರಂತೆ.

"ಭಾಳ ಚಲೋ ಬಂದಾವ. ಆದ್ರ ಅಳತಿ ಸ್ವಲ್ಪ ಹೆಚ್ಚುಕಮ್ಮಿ ಆಗ್ಯಾವ ನೋಡು. ಆ ಸ್ಕೇಲೂ ಕೊರಿಯರ್ ಮಾಡಿಬಿಡು."