ಬಾಯಿ ಬಿಟ್ಟರೆ ಪೇಪರು

ಒಬ್ಬ ದೊಡ್ಡ ಸಂಶೋಧಕರನ್ನು ಸಭೆಗೆ ಪರಿಚಯಿಸುವ ಕೆಲಸ ನನ್ನ ತಲೆಗೆ ಬಿತ್ತು. ಬಾಯಿಯ ರೋಗಗಳು ಮತ್ತು ಮಾಲಿಕ್ಯುಲರ್ ಬಯಾಲಜಿ ಅವರ ಕ್ಷೇತ್ರ. ನನಗೆ ಕೊಟ್ಟ ಸಮಯ 3 ನಿಮಿಷ. ಅವರು ಕಳಿಸಿದ ಪೇಪರುಗಳ, ಅಂದರೆ ಪ್ರಕಟವಾದ ಸಂಶೋಧನಾ ಲೇಖನಗಳ, ಪಟ್ಟಿ 41 ಪುಟ. ಫೋನ್ ಮಾಡಿದೆ. "ಸಾರ್, ಇದರಲ್ಲಿ ಮುಖ್ಯವಾದದ್ದು ಯಾವುದು?" "ಸಂಖ್ಯೆ" ಅಂದರು. ಮಾತು ಒಂದೇ ಕೆನ್ನೆಯಿಂದ ಬರುತ್ತಿದ್ದ ಹಾಗಿತ್ತು. ದೊಡ್ಡವರ ಗತ್ತು ಇರಬೇಕು ಅಂದುಕೊಂಡೆ.

ಸರಿ, ಓದಲು ಕೂತೆ. ಮೊದಲ ಪೇಪರು: ಒಸಡಿನ ರೋಗ ಇರುವವರ ಎಂಜಲಿನಲ್ಲಿ ಇಂಟರ್‌ಲ್ಯೂಕಿನ್ 1 ಬೀಟಾ ಎಂಬ ಊತದ ಪ್ರೋಟೀನು ಜಾಸ್ತಿ ಇದೆ. ಎರಡನೆಯದು: ಇಂಟರ್‌ಲ್ಯೂಕಿನ್ 6 ಜಾಸ್ತಿ ಇದೆ. ಮೂರನೆಯದು: ಟಿಎನ್‌ಎಫ್ ಆಲ್ಫಾ, ಅದೂ ಜಾಸ್ತಿ. ನಾಲ್ಕನೆಯದು ಎಂಎಂಪಿ 8, ಅಂಥದ್ದೇ ಇನ್ನೊಂದು ಪ್ರೋಟೀನು. ಒಸಡು ಊದಿಕೊಂಡವರ ಬಾಯಲ್ಲಿ ಊತಕ್ಕೆ ಸಂಬಂಧಪಟ್ಟದ್ದೆಲ್ಲ ಜಾಸ್ತಿ ಇರುತ್ತದೆ ಅಂತ ಒಂದೇ ಸಲ ಹೇಳಿ ಮುಗಿಸಿದರೆ ಬಡ್ತಿ ಸಿಗುತ್ತದಾ? ಯಾಕೋ ಅನುಮಾನ ಬಂದು ರೋಗಿಗಳ ಸಂಖ್ಯೆ ನೋಡಿದೆ. ನಾಲ್ಕರಲ್ಲೂ 60. ಸರಾಸರಿ ವಯಸ್ಸು ನಾಲ್ಕರಲ್ಲೂ 43.7. ಅದೇ ಜನ, ಅದೇ ಬೆಳಿಗ್ಗೆ, ಅದೇ ಉಗುಳು. ಐದನೆಯ ಪೇಪರಿನಲ್ಲಿ ಗಂಡಸರು ಮಾತ್ರ. ಆರನೆಯದರಲ್ಲಿ ಹೆಂಗಸರು. ಏಳನೆಯದರಲ್ಲಿ ಸಿಗರೇಟು ಸೇದುವವರು. ಎಂಟನೆಯದರಲ್ಲಿ ಬಿಟ್ಟವರು. ಸಂಶೋಧಕರ ಲೋಕದಲ್ಲಿ ಇದಕ್ಕೆ ಸಲಾಮಿ ಹೆಚ್ಚುವುದು ಅನ್ನುತ್ತಾರಂತೆ. ಒಂದು ಮಾಂಸದ ಉಂಡೆಯನ್ನು ಕಾಗದದಷ್ಟು ತೆಳ್ಳಗೆ ಕುಯ್ಯುತ್ತಾ ಹೋಗುವುದು. ಮಾಂಸವಾದರೆ ಸರಿ, ಉಗುಳನ್ನೂ ಹೋಳು ಮಾಡಬಹುದು ಅಂತ ನನಗೆ ಗೊತ್ತಿರಲಿಲ್ಲ. ಪಾಪ, ಒಂದು ಸಲ ಉಗುಳಿ ಮನೆಗೆ ಹೋದ ಆ 60 ಜನರಿಗೂ ಗೊತ್ತಿರಲಿಕ್ಕಿಲ್ಲ.

ಎಲ್ಲ ಪೇಪರಿನ ಕೊನೆಗೂ ಒಂದೇ ವಾಕ್ಯ: "ಈ ಕುರಿತು ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ." ನಾನು ಇದನ್ನು ವಿನಯ ಅಂದುಕೊಂಡಿದ್ದೆ. ಅದು ಮುಂಗಡ ಬುಕಿಂಗ್.

ಇನ್ನು ಹೆಸರುಗಳು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯ ಬಗ್ಗೆ ಬರೆದ ಲೇಖನ ಒಂದು ಪುಟಕ್ಕಿಂತ ಚೂರು ಜಾಸ್ತಿ. ಲೇಖಕರು ಇಬ್ಬರೇ. ನಮ್ಮ ಪಟ್ಟಿಯಲ್ಲಿ ಒಂದು ದವಡೆ ಹಲ್ಲಿಗೆ 14 ಲೇಖಕರು. ಹಲ್ಲಿಗಿಂತ ಅವರೇ ಬಿಗಿಯಾಗಿ ಕೂತಿದ್ದಾರೆ. ಇವರಲ್ಲಿ ವಿಭಾಗದ ಮುಖ್ಯಸ್ಥರಿದ್ದಾರೆ, ಮಾಜಿ ಮುಖ್ಯಸ್ಥರಿದ್ದಾರೆ, ಮುಂದೆ ಮುಖ್ಯಸ್ಥರಾಗಲಿರುವವರೂ ಇದ್ದಾರೆ. ರಾತ್ರಿಯೆಲ್ಲ ಡಿಎನ್‌ಎ ನಕಲು ತೆಗೆಯುವ ಪಿಸಿಆರ್ ಯಂತ್ರದ ಮುಂದೆ ಕೂತ ಹುಡುಗಿಯ ಹೆಸರು ಮಾತ್ರ ಕೃತಜ್ಞತೆಯ ಭಾಗದಲ್ಲಿ, ಅದೂ ತಪ್ಪು ಕಾಗುಣಿತದಲ್ಲಿ. 1975ರಲ್ಲಿ ಹೆದರಿಂಗ್ಟನ್ ಎಂಬ ಭೌತವಿಜ್ಞಾನಿ ತನ್ನ ಬೆಕ್ಕನ್ನು ಸಹಲೇಖಕ ಮಾಡಿಕೊಂಡಿದ್ದ. ಒಬ್ಬನೇ ಬರೆದ ಲೇಖನದಲ್ಲಿ ಉದ್ದಕ್ಕೂ "ನಾವು" ಅಂತ ಟೈಪ್ ಮಾಡಿಬಿಟ್ಟಿದ್ದ. ತಿದ್ದುವುದಕ್ಕಿಂತ ಬೆಕ್ಕನ್ನು ಸೇರಿಸುವುದೇ ಸುಲಭ ಅನ್ನಿಸಿತು. ಆ ಬೆಕ್ಕು ಕಡೇ ಪಕ್ಷ ಮನೆಯಲ್ಲೇ ಇತ್ತು. ಈ 14ರಲ್ಲಿ ಕೆಲವರು ಆ ಹಲ್ಲಿನ ಆಸುಪಾಸಿಗೂ ಬಂದವರಲ್ಲ.

ಪಟ್ಟಿಯ ತಲೆಯ ಮೇಲೆ ದಪ್ಪಕ್ಷರದಲ್ಲಿ ಎಚ್ ಇಂಡೆಕ್ಸ್ ಇತ್ತು. ಹಿರ್ಶ್ ಎಂಬ ಭೌತವಿಜ್ಞಾನಿ 2005ರಲ್ಲಿ ಹೇಳಿಕೊಟ್ಟ ಲೆಕ್ಕ ಇದು. ನಿಮ್ಮ 10 ಲೇಖನಗಳನ್ನು ತಲಾ 10 ಸಲವಾದರೂ ಬೇರೆ ಲೇಖನಗಳಲ್ಲಿ ಉಲ್ಲೇಖಿಸಿದ್ದರೆ ನಿಮ್ಮ ಎಚ್ 10. ಒಬ್ಬ ಒಂದೇ ಪೇಪರ್ ಬರೆದು, ಇಡೀ ಲೋಕ ಅದನ್ನು ಉಲ್ಲೇಖಿಸಿದರೂ ಅವನ ಎಚ್ ಬರೀ 1. ಆದರೆ ಉಲ್ಲೇಖಿಸುವವರು ಬೇರೆಯವರೇ ಆಗಿರಬೇಕು ಅಂತೇನೂ ಇಲ್ಲವಲ್ಲ. ನಮ್ಮ ಸಾಹೇಬರು ಎಂಟನೆಯ ಪೇಪರಿನಲ್ಲಿ ತಮ್ಮ ಹಿಂದಿನ ಏಳನ್ನೂ ಉಲ್ಲೇಖಿಸಿದ್ದಾರೆ. ಮನುಷ್ಯನ ಬಾಯಲ್ಲಿ ಹಲ್ಲುಗಳಿರುತ್ತವೆ ಎಂಬ ಮಾತಿಗೂ ತಮ್ಮದೇ ಮೂರು ಹಳೆಯ ಪೇಪರ್ ಸಾಕ್ಷಿ. ಉಳಿದ ಉಲ್ಲೇಖಗಳು ಗೆಳೆಯರದು. ನೀ ನನಗಿದ್ದರೆ ನಾ ನಿನಗೆ.

ಇಷ್ಟಾದರೂ ಇವರ ರೋಗಿಗಳು ನಿಜವಾಗಿ ಇದ್ದವರು. ಅದು ಸಣ್ಣ ಮಾತಲ್ಲ. 2005ರಲ್ಲಿ ನಾರ್ವೆಯ ಯೋನ್ ಸುಡ್‌ಬೋ ಎಂಬ ವೈದ್ಯ, ದಂತವೈದ್ಯನೂ ಹೌದು, ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಾಯಿಯ ಕ್ಯಾನ್ಸರ್ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಕೆಲವು ನೋವಿನ ಮಾತ್ರೆ ನುಂಗುವವರಿಗೆ ಆ ಕ್ಯಾನ್ಸರಿನ ಅಪಾಯ ಕಡಿಮೆ ಅಂತ ಅದರ ಸಾರಾಂಶ. ಅಧ್ಯಯನದಲ್ಲಿ ಇದ್ದವರು 908 ಜನ. ಅಷ್ಟೂ ಜನ ಆತನ ಕಂಪ್ಯೂಟರಿನಲ್ಲೇ ಹುಟ್ಟಿದವರು. ಹುಟ್ಟುಹಬ್ಬ ಬೇರೆ ಬೇರೆ ಇಡುವಷ್ಟೂ ತಾಳ್ಮೆ ಇರಲಿಲ್ಲ. 250 ಜನರಿಗೆ ಒಂದೇ ಜನ್ಮದಿನ! ಸಂಪಾದಕರು ನೋಡಿದ್ದರು, ಅಚ್ಚಿಗೆ ಮೊದಲು ಪರೀಕ್ಷಿಸುವ ವಿಮರ್ಶಕರು ನೋಡಿದ್ದರು, ಸಹಲೇಖಕರೂ ಇದ್ದರು. ಕೊನೆಗೆ ಹಿಡಿದವರು ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಕಮಿಲ್ಲಾ ಸ್ಟೊಲ್ಟೆನ್‌ಬರ್ಗ್. ಮಾಹಿತಿ ತೆಗೆದೆ ಅಂತ ಆತ ಹೇಳಿದ ದತ್ತಾಂಶ ಸಂಗ್ರಹ ಆಗಿನ್ನೂ ತೆರೆದೇ ಇರಲಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಅವರು ಮಾಡಿದ ಸಾಹಸ ಇಷ್ಟೇ. ಲೇಖನವನ್ನು ಓದಿದರು.

ಆಮೇಲೆ ತನಿಖೆ ಆಯಿತು, ಪತ್ರಿಕೆ ಲೇಖನವನ್ನು ವಾಪಸು ಪಡೆಯಿತು, ವೈದ್ಯನ ಪರವಾನಗಿ ಮತ್ತು ದಂತವೈದ್ಯನ ಪರವಾನಗಿ ಎರಡೂ ಹೋದವು. ಇವತ್ತಾದರೆ ಆತನಿಗೆ ಅಷ್ಟು ಕಷ್ಟವೂ ಬೇಕಿರಲಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಅನ್ನುತ್ತೇವಲ್ಲ, 2024ರಲ್ಲಿ ಬೆಟ್ಟ ಅಗೆಯದೆಯೇ ಇಲಿ ಬಂತು. ಕೋಶವಿಜ್ಞಾನದ ಒಂದು ಪತ್ರಿಕೆಯಲ್ಲಿ ಎಐ ಬರೆದ ಇಲಿಯ ಚಿತ್ರ. ಅದರ ಗಂಡುಗುರುತು ಅದರ ಮೈಗಿಂತ ದೊಡ್ಡದು. ಪಕ್ಕದಲ್ಲಿ ಯಾವ ಭಾಷೆಯದ್ದೂ ಅಲ್ಲದ ಪದಗಳು. ವಿಮರ್ಶಕರನ್ನು ದಾಟಿ ಅಚ್ಚಾಗಿ, ಮೂರೇ ದಿನದಲ್ಲಿ ವಾಪಸಾಯಿತು. ಇಲಿ ಸಣ್ಣದಾಗಿದ್ದರೆ ಇನ್ನೂ ಅಲ್ಲೇ ಇರುತ್ತಿತ್ತೋ ಏನೋ.

ನನಗೆ ಪದೇ ಪದೇ ಲೇವೆನ್‌ಹುಕ್ ನೆನಪಾಗುತ್ತಾನೆ. ನೆದರ್ಲೆಂಡ್ಸಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ. 1683ರಲ್ಲಿ ತನ್ನದೇ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು ಕೆರೆದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಚಿಕ್ಕ ಚಿಕ್ಕ ಜೀವಿಗಳು ಓಡಾಡುತ್ತಿದ್ದವು. ನಮ್ಮ ದೇಶದ ಜನಸಂಖ್ಯೆಗಿಂತ ನನ್ನ ಬಾಯಲ್ಲೇ ಜೀವಿಗಳು ಜಾಸ್ತಿ ಅಂತ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಾಗದ ಬರೆದ. ರೋಗಿಗಳ ಸಂಖ್ಯೆ ನೂರು ದಾಟಲಿಲ್ಲ. ಡಿಗ್ರಿ ಇಲ್ಲ. ಹಿಂದಿನ ಸಾಹಿತ್ಯದ ಉಲ್ಲೇಖ ಇಲ್ಲ, ಯಾಕೆಂದರೆ ಹಿಂದೆ ಯಾರೂ ನೋಡಿರಲಿಲ್ಲ. ಇವತ್ತು ಅರ್ಜಿ ಹಾಕಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ.

ಬಾಯಿಗಳ ಕತೆ ಏನಾಯಿತು ಅಂದಿರಾ? ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ ಸುಮಾರು 350 ಕೋಟಿ ಜನರಿಗೆ ಬಾಯಿಯ ಒಂದಲ್ಲ ಒಂದು ರೋಗ ಇದೆ. ಹತ್ತಿರ ಹತ್ತಿರ ಅರ್ಧ ಭೂಮಿ. ಹಲ್ಲು ಹುಳುಕಾಗದಂತೆ ತಡೆಯುವ ಉಪಾಯ ಹಳೆಯದು, ಸಪ್ಪೆ. ಸಕ್ಕರೆ ಕಡಿಮೆ ಮಾಡಿ, ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿ. ಎಷ್ಟು ತೆಳ್ಳಗೆ ಹೆಚ್ಚಿದರೂ ಎರಡು ಪೇಪರಿಗಿಂತ ಜಾಸ್ತಿ ಬರುವುದಿಲ್ಲ.

ಸಭೆಯ ದಿನ ನಾನು ಸಂಖ್ಯೆ ಓದಿದೆ. ಜನ ಚಪ್ಪಾಳೆ ಹೊಡೆದರು. ಸಾಹೇಬರು ಎದ್ದು ನಿಂತರು, ನಾಲ್ಕು ಮಾತಾಡಿದರು, ಕೆನ್ನೆ ಹಿಡಿದುಕೊಂಡು ಕೂತರು. ದವಡೆ ಹಲ್ಲು. ಮೂರು ವಾರದಿಂದ ಕಾಡುತ್ತಿದೆಯಂತೆ. "ಯಾರಾದರೂ ಒಳ್ಳೆ ಹಲ್ಲಿನ ಡಾಕ್ಟರು ಗೊತ್ತಾ ನಿಮಗೆ?" ಅಂತ ಮೆಲ್ಲಗೆ ಕೇಳಿದರು.

"ಎಷ್ಟು ಪೇಪರ್ ಬರೆದವರು ಆಗಬಹುದು ಸಾರ್?"

"ಬರೆಯದೇ ಇರುವವರು ಸಿಕ್ಕರೆ ನೋಡಿ" ಅಂದರು.