ಸಂಘ ಒಡೆಯಲು ಫ್ಯಾಕ್ಸ್ ಸಾಲದು

ಕಳೆದ ಭಾನುವಾರ ಡೊಂಬಿವಲಿಯಿಂದ ತಂಗಿಯ ಮಗ ಮನೆಗೆ ಬಂದ. ಕಪ್ಪು ಟೀ ಶರ್ಟು, ಎದೆಯ ಮೇಲೆ ರೆಕ್ಕೆ ಮೂಡಿದ ಒಂದು ‘ಪಿ’ ಅಕ್ಷರ. ಯಾವುದೋ ಔಷಧಿ ಕಂಪನಿಯ ಗುರುತೆಂದುಕೊಂಡು, “ಎಂತ ಮಾರಾಯ, ಮೆಡಿಕಲ್ ರೆಪ್ ಆದೆಯಾ?” ಎಂದೆ.

ಅವನು ನನ್ನನ್ನು ನೋಡಿದ ನೋಟದಲ್ಲಿ ಮೂರು ತಲೆಮಾರಿನ ಕನಿಕರವಿತ್ತು. “ಮಾಮ, ಇದು ಪಿಕ್ಸೀಸ್. ಕಲ್ಟ್ ಬ್ಯಾಂಡು.”

“ಕಲ್ಟ್ ಅಂದ್ರೆ ಎಂತದ್ದು?”

“ಅಂದ್ರೆ ತುಂಬ ಜನಕ್ಕೆ ಗೊತ್ತಿರಬಾರದು. ಗೊತ್ತಿದ್ದವರು ಜೀವ ಬಿಡಬೇಕು.”

ಶರ್ಟು ಸಿಕ್ಕಿದ್ದು ಲಿಂಕಿಂಗ್ ರೋಡಿನಲ್ಲಂತೆ. ನಾನೂರು ಹೇಳಿದವನನ್ನು ನೂರೈವತ್ತಕ್ಕೆ ಇಳಿಸಿದನಂತೆ. ಅದೇ ಗಾಡಿಯಲ್ಲಿ ಇನ್ನೂ ಎಂಟು ಬ್ಯಾಂಡುಗಳು ನೇತಾಡುತ್ತಿದ್ದವಂತೆ, ಎಲ್ಲವೂ ಯಾರಿಗೂ ಗೊತ್ತಿಲ್ಲದವೇ. “ಇವರ ಎಷ್ಟು ಹಾಡು ಕೇಳಿದ್ದೀ?” ಎಂದು ಕೇಳಿದೆ. ಒಂದು. ಅದೂ 1999ರ ಒಂದು ಹಾಲಿವುಡ್ ಸಿನಿಮಾದ ಕೊನೆಗೆ ಬರುವುದರಿಂದ.

ಅವನು ಚಹಾ ಕುಡಿದು ಹೋದ. ನಿದ್ದೆ ಹೋದದ್ದು ನನ್ನದು. ಇಪ್ಪತ್ತೆರಡು ವರ್ಷದಿಂದ ಮುಂಬಯಿಯ ಒಂದು ಕನ್ನಡ ಸಂಘದ ಜೊತೆ ಕಾರ್ಯದರ್ಶಿಯಾಗಿರುವವನು ನಾನು. ತುಂಬ ಜನಕ್ಕೆ ಗೊತ್ತಿಲ್ಲದಿರುವುದು ಹೇಗೆ ಎಂಬುದನ್ನು ನನಗೆ ಕಲಿಸಲು ಅಮೆರಿಕದ ಬಾಸ್ಟನ್ನಿನ ಈ ಬ್ಯಾಂಡಿನವರು ಯಾರೂ ಬರಬೇಕಿಲ್ಲ. ಆದರೂ ಕೂತು ಅವರ ಚರಿತ್ರೆ ಓದಿದೆ. ಓದುತ್ತಾ ಹೋದ ಹಾಗೆ, ಇದು ಬ್ಯಾಂಡಿನ ಕಥೆಯೋ ನಮ್ಮ ಕಾರ್ಯಕಾರಿ ಸಮಿತಿಯ ನಡಾವಳಿಯೋ ಎಂದು ಗೊಂದಲವಾಯಿತು.

ಹುಟ್ಟಿದ್ದು 1986ರಲ್ಲಿ. ಹೆಸರಿಡಲು ಗಿಟಾರಿನವ ಜೋಯಿ ಸ್ಯಾಂಟಿಯಾಗೊ ನಿಘಂಟು ತೆರೆದು ಕಣ್ಣಿಗೆ ಬಿದ್ದದ್ದನ್ನು ಎತ್ತಿಕೊಂಡ. (ನಮ್ಮ ಸಂಘದ ಹೆಸರಿಗೆ ನಾಲ್ಕು ಸಭೆ, ಒಂದು ಉಪಸಮಿತಿ, ಎರಡು ಮುನಿಸು ಬೇಕಾಯಿತು.) ಬಾಸ್ ಗಿಟಾರಿಗೆ ಜನ ಬೇಕೆಂದು ಜಾಹೀರಾತು ಕೊಟ್ಟರು, ಬಂದದ್ದು ಒಬ್ಬಳೇ, ಕಿಮ್ ಡೀಲ್. ಆಕೆ ಅದುವರೆಗೆ ಬಾಸ್ ಮುಟ್ಟಿದವಳೇ ಅಲ್ಲ. ಆಯ್ಕೆಯಾದಳು. ನಮ್ಮ ಖಜಾಂಚಿಯೂ ಹೀಗೆಯೇ ಅವಿರೋಧವಾಗಿ ಆಯ್ಕೆಯಾದವರು, ಲೆಕ್ಕದ ಪುಸ್ತಕವನ್ನು ಅದಕ್ಕೂ ಮೊದಲು ಮುಟ್ಟಿದವರಲ್ಲ.

ಅವರ ಹಾಡಿನ ವಿಶೇಷ ಏನೆಂದರೆ ಮೊದಲು ಮೆಲ್ಲಗೆ, ಆಮೇಲೆ ತಲೆ ಹಾರಿಹೋಗುವ ಹಾಗೆ ಜೋರು, ಮತ್ತೆ ಮೆಲ್ಲಗೆ. ಇದನ್ನು ಕದಿಯಲು ನೋಡಿದೆ ಎಂದು ನಿರ್ವಾಣ ಎಂಬ ಹೆಸರಾಂತ ಬ್ಯಾಂಡಿನ ಕರ್ಟ್ ಕೊಬೇನ್ 1994ರಲ್ಲಿ ಅಚ್ಚಾದ ಸಂದರ್ಶನದಲ್ಲಿ ಒಪ್ಪಿಕೊಂಡದ್ದೇ ಇವರ ಕೀರ್ತಿಗೆ ಶಿಖರ. ಭಾಗವತರು ಮೆಲುದನಿಯಲ್ಲಿ ಪದ ಎತ್ತಿ, ಹಿಂದಿನಿಂದ ಚೆಂಡೆಯವರು ಒಮ್ಮೆಲೇ ಮೇಲೆ ಬೀಳುವುದನ್ನು ಮುಂಬಯಿಯ ಸಭಾಗೃಹಗಳಲ್ಲಿ ಕೂತು ಅರ್ಧ ಶತಮಾನ ಕೇಳಿದ್ದೇನೆ. ನಮ್ಮಿಂದ ಕದ್ದೆ ಎಂದು ಇದುವರೆಗೆ ಒಬ್ಬನೂ ಒಪ್ಪಿಕೊಂಡಿಲ್ಲ.

1989ರ ಆಲ್ಬಂ ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು, ಸ್ವಂತ ದೇಶವಾದ ಅಮೆರಿಕದಲ್ಲಿ 98ರಲ್ಲಿ ನಿಂತಿತು. ಹಿತ್ತಲ ಗಿಡ ಮದ್ದಲ್ಲ ಎಂಬುದು ಅಲ್ಲಿಯೂ ಚಾಲ್ತಿಯಲ್ಲಿದೆ. ಅದಕ್ಕೂ ಹಿಂದಿನ, 1988ರ ಆಲ್ಬಂ ಅಮೆರಿಕದಲ್ಲಿ ಮಾರಾಟಕ್ಕೆ ಕೊಡುವ ‘ಗೋಲ್ಡ್’ ಮಾನ್ಯತೆ ಪಡೆದದ್ದು 2005ರಲ್ಲಿ. ಹದಿನೇಳು ವರ್ಷ! ನಾವು ಹೊರತಂದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ ಕಪಾಟಿನಲ್ಲಿ ಕೂತು ಹತ್ತೊಂಬತ್ತಾಯಿತು. ಅದನ್ನು ಯಾರೂ ಕಲ್ಟ್ ಎನ್ನುವುದಿಲ್ಲ, ‘ಆ ಗಂಟನ್ನು ರದ್ದಿಗೆ ಹಾಕಿ’ ಎನ್ನುತ್ತಾರೆ.

ಮುಖ್ಯ ಸಂಗತಿಗೆ ಬರುತ್ತೇನೆ. 1993ರ ಜನವರಿಯಲ್ಲಿ ಹಾಡುಗಾರ ಬ್ಲ್ಯಾಕ್ ಫ್ರಾನ್ಸಿಸ್ ಬಿಬಿಸಿ ರೇಡಿಯೋದಲ್ಲಿ ಕೂತು, ಬ್ಯಾಂಡು ಮುಗಿಯಿತು ಎಂದುಬಿಟ್ಟ. ಜೊತೆಗಾರರಿಗೆ ಆಗ ವಿಷಯವೇ ಗೊತ್ತಿಲ್ಲ. ಆಮೇಲೆ ಗಿಟಾರಿನವನಿಗೆ ಫೋನು, ಕಿಮ್‌ಗೂ ಡ್ರಮ್ಮಿನ ಡೇವಿಡ್ ಲವರಿಂಗ್‌ಗೂ ಫ್ಯಾಕ್ಸ್. ಏಳು ವರ್ಷದ ಸಂಸಾರ ಒಂದು ಹಾಳೆಯಲ್ಲಿ ಇತ್ಯರ್ಥ. ನೋಟಿಸಿಲ್ಲ, ಅಜೆಂಡಾ ಇಲ್ಲ, ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಇಲ್ಲ, ಕೊನೆಗೆ ಉಪ್ಪಿಟ್ಟೂ ಇಲ್ಲ. ಡ್ರಮ್ಮಿನವನು ಮುಂದೆ ಜಾದೂಗಾರನಾದ. ನಿಜವಾಗಿ.

ಹನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ, ಇದ್ದಾಗ ಕೇಳದವರೆಲ್ಲ ಇಲ್ಲದಾಗ ಕೇಳತೊಡಗಿದ್ದರು. 2004ರಲ್ಲಿ ನಾಲ್ವರೂ ಮತ್ತೆ ವೇದಿಕೆ ಹತ್ತಿದಾಗ ಟಿಕೆಟ್‌ಗೆ ನೂಕುನುಗ್ಗಲು. ಪ್ರವಾಸದ ವಿಡಿಯೋ ಡಿಸ್ಕಿಗೆ ಅವರೇ ಇಟ್ಟ ಹೆಸರು ‘ಸೆಲ್ ಔಟ್’. ಟಿಕೆಟು ಮಾರಿಹೋಯಿತು ಎಂದೂ ಆಗುತ್ತದೆ, ಆಸಾಮಿ ಮಾರಿಹೋದ ಎಂದೂ ಆಗುತ್ತದೆ. ಜನ ಬೈಯುವ ಮೊದಲು ತಾವೇ ಬೋರ್ಡು ತೂಗುಹಾಕಿಕೊಂಡ ಆ ಜಾಣತನಕ್ಕೆ ನನ್ನ ನಮಸ್ಕಾರ. 2013ರಲ್ಲಿ ಕಿಮ್ ಬಿಟ್ಟುಹೋದಳು. ಅವಳ ಜಾಗಕ್ಕೆ ಬಂದವಳ ಹೆಸರೂ ಕಿಮ್. ಬ್ಯಾನರು ಬದಲಿಸುವ ಖರ್ಚು ಉಳಿಸಲು ನಮ್ಮ ಖಜಾಂಚಿಗೂ ಇಷ್ಟು ಹೊಳೆಯುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಆಕೆಯನ್ನೂ ಕಳಿಸಿದರು.

ಇಷ್ಟನ್ನೂ ಸಮಿತಿಯ ಮುಂದೆ ವರದಿ ಮಾಡಿದೆ. ಸಾಹಿತ್ಯೋತ್ಸವಕ್ಕೆ ಹದಿನಾಲ್ಕು ಮಂದಿ ಬಂದಿದ್ದ ದುಃಖದಲ್ಲಿದ್ದ ಅಧ್ಯಕ್ಷರು ನೆಟ್ಟಗೆ ಕೂತರು. (ಹದಿನಾಲ್ಕರಲ್ಲಿ ಐವರು ಸನ್ಮಾನಿತರು, ಮೂವರು ಅವರ ಪತ್ನಿಯರು, ಒಬ್ಬ ಮೈಕಿನವ.) “ಹಾಗಾದರೆ ನಾವು ಹಾಳಾದದ್ದಲ್ಲ, ಕಲ್ಟ್ ಆಗಿದ್ದೇವೆ ಅನ್ನಿ!” ಎಂದರು. ವಿಶೇಷ ಆಹ್ವಾನಿತನಾಗಿ ಬಂದಿದ್ದ ನನ್ನ ತಂಗಿಯ ಮಗ ಕೈಯೆತ್ತಿದ. “ಅಂಕಲ್, ಇದ್ದಷ್ಟು ದಿನ ಯಾರೂ ಬರಲ್ಲ. ಸಂಘ ಮುಚ್ಚಿ. ಹನ್ನೊಂದು ವರ್ಷ ಬಿಟ್ಟು ರಿಯೂನಿಯನ್ ಮಾಡಿ. ಷಣ್ಮುಖಾನಂದ ಹಾಲ್ ಫುಲ್ ಆಗುತ್ತೆ.”

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅಧ್ಯಕ್ಷರಿಗೆ ಎಪ್ಪತ್ತೊಂಬತ್ತು. ಬೆರಳು ಮಡಚಿ ಲೆಕ್ಕ ಹಾಕಿ, “ಆರು ವರ್ಷಕ್ಕೆ ಇಳಿಸಲಾಗುತ್ತದಾ?” ಎಂದರು. ಲಿಂಕಿಂಗ್ ರೋಡಿನ ಚೌಕಾಸಿ ನೆನಪಾಯಿತು. ಟೀ ಶರ್ಟು ಈಗಲೇ ಹೊಡೆಸಿಡೋಣ, ಮುಚ್ಚಿದ ಮೇಲೆ ರಸೀದಿ ಪುಸ್ತಕ ಇರುವುದಿಲ್ಲ ಎಂದು ಖಜಾಂಚಿ ಸೂಚಿಸಿದರು. ಎದೆಯ ಮೇಲೆ ಯಾವ ಅಕ್ಷರಕ್ಕೆ ರೆಕ್ಕೆ ಹಚ್ಚುವುದೆಂದು ಅರ್ಧ ಗಂಟೆ ಚರ್ಚೆಯಾಯಿತು. ‘ಕ’ ಎಂದು ಒಬ್ಬರು, ‘ಸಂ’ ಎಂದು ಇನ್ನೊಬ್ಬರು. ಸೊನ್ನೆಗೂ ರೆಕ್ಕೆ ಬೇಕೇ ಎಂಬುದನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಕಲ್ಲು ಹಾಕಿದವರು ನಮ್ಮ ಕಾನೂನು ಸಲಹೆಗಾರರು. ಸಂಘ ನೋಂದಣಿಯಾಗಿರುವುದು 1860ರ ಕಾಯ್ದೆಯಡಿ. ಅದರ 13ನೇ ಕಲಮಿನಂತೆ, ಮುಚ್ಚಬೇಕಾದರೆ ಅದಕ್ಕೆಂದೇ ಕರೆದ ಸಭೆಯಲ್ಲಿ ಒಟ್ಟು ಸದಸ್ಯರ ಐದರಲ್ಲಿ ಮೂರು ಪಾಲು ಜನ ಖುದ್ದಾಗಿ ಅಥವಾ ಪ್ರಾಕ್ಸಿಯ ಮೂಲಕ ಹೌದೆನ್ನಬೇಕು. ನಮ್ಮ ಪುಸ್ತಕದಲ್ಲಿ ಇರುವುದು 240 ಹೆಸರು, ಅಂದರೆ 144 ಮತ. ಆಜೀವ ಸದಸ್ಯರಲ್ಲಿ ಅನೇಕರು ಜೀವ ಬಿಟ್ಟಿದ್ದಾರೆಯೇ ಹೊರತು ಸದಸ್ಯತ್ವ ಬಿಟ್ಟಿಲ್ಲ. ಅವರ ಪ್ರಾಕ್ಸಿ ತರಿಸುವ ದಾರಿ ಕಾಯ್ದೆಯಲ್ಲಿಲ್ಲ. ಕೋರಂ ಇಲ್ಲದಿದ್ದರೆ ಅರ್ಧ ಗಂಟೆ ಬಿಟ್ಟು ಇದ್ದವರಲ್ಲೇ ಸಭೆ ಮುಗಿಸುವ ನಮ್ಮ ಎಂದಿನ ಉಪಾಯವೂ ಇಲ್ಲಿ ನಡೆಯುವುದಿಲ್ಲ.

“ಒಂದು ಫ್ಯಾಕ್ಸ್ ಹಾಕಿದರೆ?” ಎಂದು ಅಧ್ಯಕ್ಷರು ಆಸೆಯಿಂದ ಕೇಳಿದರು.

ಯಂತ್ರ ಇದೆ. 1995ರಲ್ಲಿ ದಾನವಾಗಿ ಬಂದದ್ದು. ಸ್ಮರಣ ಸಂಚಿಕೆಯ ಗಂಟುಗಳು ಅದರ ಮೇಲೆಯೇ ಕೂತಿವೆ. ಸಂಘವನ್ನು ಮುಚ್ಚುವ ವಿಶೇಷ ಮಹಾಸಭೆ ಬರುವ ತಿಂಗಳ ಎರಡನೇ ಭಾನುವಾರ, ಬೆಳಿಗ್ಗೆ ಹತ್ತಕ್ಕೆ. ಉಪ್ಪಿಟ್ಟು ಇದೆ. ಅಂದು ಲೋಕಲ್ ರೈಲು ನಿಲ್ಲಿಸುವ ಮೆಗಾಬ್ಲಾಕ್ ಕೂಡ ಇದೆ.